ಅಪ್ಪನ ಕಾರಿನ ಸೊಂಟ ನೆಟ್ಟಗಾದದ್ದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಾದೆ ಕಟ್ಟಿದವರು ಕಾರಿನ ಸ್ಪ್ರಿಂಗನ್ನು ಸೇರಿಸಲು ಮರೆತುಬಿಟ್ಟರು. ನನ್ನ ಪಾಲಿಗಂತೂ ಮಾತು, ಸ್ಪ್ರಿಂಗು ಎರಡೂ ಒಂದೇ ಗಳಿಗೆಯಲ್ಲಿ ಹೋದವು. ಹೋದದ್ದು ಹೋಗಲಿ, ಅತ್ತೆಯವರ ಎದುರಿಗೇ ಹೋಗಬೇಕೆ?

ನಮ್ಮ ಮನೆಯ ಮುಂದೆ ಒಂದು ಕಾರಿದೆ. ‘ಇದೆ’ ಎಂದರೆ ಅದಕ್ಕೆ ಅವಮಾನ, ‘ಬಿಜಯಂಗೈದಿದೆ’ ಎನ್ನಬೇಕು. ಕಪ್ಪೆಗಣ್ಣಿನಂಥ ದೀಪಗಳು, ಅಜ್ಜನ ಹೊಟ್ಟೆಯಂಥ ಬಾನೆಟ್ಟು, ಮುಚ್ಚಿದರೆ ತಿಜೋರಿಯಂತೆ ‘ಧಪ್’ ಎನ್ನುವ ಬಾಗಿಲು. ಬಣ್ಣ ಯಾವುದೆಂದು ಕೇಳಬೇಡಿ, ಒಂದು ಕಾಲಕ್ಕೆ ಕೆನೆಬಣ್ಣವಿತ್ತು. ಆ ಕೆನೆಯನ್ನು ಯಾವ ಬೆಕ್ಕು ನೆಕ್ಕಿತೋ ಗೊತ್ತಿಲ್ಲ. ನಮ್ಮವರು ಇದನ್ನು ‘ನಿಮ್ಮಪ್ಪನ ವಸ್ತುಸಂಗ್ರಹಾಲಯ’ ಎನ್ನುತ್ತಾರೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ, ಆದ್ದರಿಂದ ಅಭಿಪ್ರಾಯಗಳು ಧಾರಾಳವಾಗಿ ಬರುತ್ತವೆ.

ಅಪ್ಪ ಪಶುವೈದ್ಯರಾಗಿದ್ದರು. ಯಾವ ಕೊಟ್ಟಿಗೆಯಲ್ಲಿ ಯಾರ ಹೊಟ್ಟೆ ಉಬ್ಬರಿಸಿದರೂ ಈ ಕಾರು ಹೊರಡುತ್ತಿತ್ತು. ರಜೆಯ ದಿನಗಳಲ್ಲಿ ನಾನೂ ಜೊತೆಗೆ ಹೊರಡುತ್ತಿದ್ದೆ; ಮುಂದಿನ ಸೀಟಿನಲ್ಲಿ ಔಷಧಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅರ್ಧ ಡಾಕ್ಟರೇ ಆದಂತೆ. ಆಸ್ಪತ್ರೆಗೆ ತರಲೇಬೇಕಾದ ರೋಗಿಗಳು ಹಿಂದಿನ ಸೀಟಿನಲ್ಲಿ. ಕಾಲು ಮುರಿದ ಟಗರೊಂದು ಒಮ್ಮೆ ಅಪ್ಪನ ಹೆಗಲ ಮೇಲೆ ಗದ್ದ ಊರಿಕೊಂಡು ಊರು ನೋಡುತ್ತಾ ಬಂದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಅದಕ್ಕೆ ದಾರಿಯುದ್ದಕ್ಕೂ ಊರಿನ ಪರಿಚಯ ಮಾಡಿಕೊಡುತ್ತಿದ್ದರು. “ಇದು ಕೋರ್ಟು ನೋಡಪ್ಪ, ಇದರ ಸಹವಾಸ ನಿನಗೆ ಬೇಡ. ಇದು ಸಿನಿಮಾ ಟಾಕೀಸು. ಇದು ಕಸಾಯಿಖಾನೆ, ಆ ಕಡೆ ನೋಡ್ಬೇಡ, ಈ ಕಡೆ ಪಾರ್ಕಿದೆ ನೋಡು.” ಟಗರು ನಿಜಕ್ಕೂ ಪಾರ್ಕಿನ ಕಡೆಗೇ ತಿರುಗಿತು. ಟಿಂಚರು, ಪೆಟ್ರೋಲು ಮತ್ತು ಒದ್ದೆ ಉಣ್ಣೆಯ ವಾಸನೆ ಸೇರಿದರೆ ಯಾವ ಅತ್ತರು ಆಗುತ್ತದೋ ಗೊತ್ತಿಲ್ಲ, ನನಗೆ ಮಾತ್ರ ಅದೇ ಬಾಲ್ಯ.

ಅಪ್ಪನ ಕಣ್ಣು ಮಂಜಾದಾಗ ಬೀಗದ ಕೈಯನ್ನು ನನ್ನ ಕೈಗಿಟ್ಟರು. “ಇದು ನನ್ನ ಮಾತು ಕೇಳೋದು ಬಿಟ್ಟಿದೆ ಕಣಮ್ಮ. ನಿನ್ನ ಮಾತು ಕೇಳುತ್ತೇನೋ ನೋಡು” ಎಂದರು. ಅಪ್ಪ ಹೋಗಿ ವರ್ಷಗಳಾದವು. ಕಾರು ನನ್ನ ಮಾತನ್ನು ಕೇಳುತ್ತಾ ಉಳಿದಿದೆ. ಈ ಮನೆಯಲ್ಲಿ ನನ್ನ ಮಾತು ಕೇಳುವುದು ಅದೊಂದೇ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅತ್ತೆಯವರು. ಅವರು ನಿವೃತ್ತ ಗಣಿತದ ಟೀಚರು. ತೂಕದ ಮನುಷ್ಯರು. (ಈ ಶ್ಲೇಷೆ ನಮ್ಮವರದು. ಇದನ್ನು ಅವರು ನನ್ನ ಕಿವಿಯಲ್ಲಿ, ಅದೂ ಬಾಗಿಲು ಹಾಕಿಕೊಂಡು, ಹೇಳಿದ್ದರು.) ವಾರಕ್ಕೊಮ್ಮೆ ಕಲ್ಲುಗಣಿಯ ಆಚೆ ಇರುವ ತಮ್ಮ ಅಕ್ಕನ ಮನೆಗೆ ಹೋಗುವುದು ಅವರ ವ್ರತವಲ್ಲದ ವ್ರತ. ನಾನು ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ ಕಾರು ತೆಗೆಯುತ್ತಿದ್ದೆ. ಅವರು ಹಿಂದಿನ ಸೀಟಿನ ಎಡಮೂಲೆಯಲ್ಲಿ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು ಕೂರುತ್ತಿದ್ದರು. ದಾರಿಯಲ್ಲಿ ಅಂಗಡಿ ಬೋರ್ಡುಗಳ ಕಾಗುಣಿತ ತಿದ್ದುವುದು, ಮುಂದೆ ಹೋಗುವ ಗಾಡಿಯ ನಂಬರನ್ನು ಒಂಬತ್ತರಿಂದ ಭಾಗಿಸು ಎಂದು ನನಗೆ ಹೇಳುವುದು, ನಾನು ತಪ್ಪಿದರೆ “ನಿನಗೆ ಪಾಠ ಮಾಡಿದೋರು ಯಾರು?” ಎಂದು ವಿಚಾರಿಸುವುದು, ಹೀಗೆ ನಮ್ಮ ಪ್ರಯಾಣ ಸುಖವಾಗಿ ಸಾಗುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲವಾದರೂ ನಮಗಿಬ್ಬರಿಗೂ ವಾರದಲ್ಲಿ ಅದೇ ಒಳ್ಳೆಯ ದಿನ.

ಈಚೆಗೆ ಕಾರು ಎಡಕ್ಕೆ ವಾಲತೊಡಗಿತ್ತು. ನಿಂತಾಗ ಪಕ್ಕದ ಗೋಡೆಯ ಗುಟ್ಟು ಕೇಳಿಸಿಕೊಳ್ಳುವಂತೆ ಕಾಣುತ್ತಿತ್ತು. ತಿರುವಿನಲ್ಲಿ ಟೈರು ಮಡ್‌ಗಾರ್ಡಿಗೆ ತಾಗಿ ‘ಕರ್ರ್’ ಎನ್ನುತ್ತಿತ್ತು. ನಾನು ಅದನ್ನು ವಯಸ್ಸಿನ ಗೊಣಗಾಟವೆಂದು ಬಿಟ್ಟಿದ್ದೆ. ಒಂದು ದಿನ ಕಲ್ಲುಗಣಿಯ ರಸ್ತೆಯ ಹಳ್ಳಕ್ಕೆ ಚಕ್ರ ಇಳಿದದ್ದೇ ‘ಠಣ್’ ಎಂದಿತು. ಕಾರು ಎಡಗಡೆಗೆ ಕುಸಿದು ಕೂತಿತು. ಇಳಿದು ಬಗ್ಗಿ ನೋಡಿದೆ. ಹಿಂದಿನ ಚಕ್ರದ ಮೇಲೆ ಒಂದರಡಿ ಒಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಬಿಲ್ಲಿನಂತೆ ಬಾಗಿ ಇಡೀ ಕಾರನ್ನು ಹೊರುವ ಪಟ್ಟಿಗಳು, ಅವು ಬಿಲ್ಲಾಗಿರುವುದನ್ನು ಬಿಟ್ಟು ಚಪ್ಪಟೆ ಹಲಗೆಯಾಗಿದ್ದವು. ಒಂದು ಪಟ್ಟಿ ಮುರಿದೇ ಹೋಗಿತ್ತು.

ಕಿಟಕಿಯಿಂದ ಅತ್ತೆಯವರು, “ಏನಾಯ್ತೇ?” ಎಂದರು.

ನಾನು ಕಾರಿನ ಕೆಳಗಿನಿಂದಲೇ, ಯೋಚನೆಯ ಸಣ್ಣ ಎಳೆಯೂ ಇಲ್ಲದೆ, ಹೇಳಿಬಿಟ್ಟೆ: “ಸ್ಪ್ರಿಂಗ್ ಹೋಯ್ತು ಅತ್ತೆ. ಈ ಕಡೆ ಭಾರ ಜಾಸ್ತಿ ಬಿದ್ದಿದೆ.”

ಮೇಲೆ ಸೀಟು ಕಿರುಗುಟ್ಟಿತು. ಆಮೇಲೆ ಒಂದೇ ಪದ: “ಭಾರ?”

“ಅಂದ್ರೆ... ಸಾಮಾನ್ಯವಾಗಿ ಹೇಳ್ದೆ.”

“ಭಾರದಲ್ಲಿ ಸಾಮಾನ್ಯವಾಗಿ ಅನ್ನೋದು ಇರಲ್ಲ. ಭಾರ ಅಂದ್ಮೇಲೆ ಅದಕ್ಕೊಂದು ವಸ್ತು ಇರ್ಬೇಕು. ಈ ಕಡೆ ಇರೋ ವಸ್ತು ಯಾವುದು?”

ನಾನು ಕಾರಿನ ಕೆಳಗೇ ಉಳಿದೆ. ಬಾಗಿಲು ತಿಜೋರಿಯಂತೆ ‘ಧಪ್’ ಎಂದಿತು. ಅತ್ತೆಯವರ ಚಪ್ಪಲಿಗಳು ನನ್ನ ಮೂಗಿನ ಮುಂದೆಯೇ ಬಸ್‌ಸ್ಟಾಪಿನ ದಿಕ್ಕು ಹಿಡಿದವು. ಮುಂದೆ ಅತ್ತೆ ಬೀಸು ನಡಿಗೆಯಲ್ಲಿ. ಹಿಂದೆ ನಾನು ಕುಂಟುವ ಕಾರಿನಲ್ಲಿ “ಅತ್ತೇ, ಹತ್ಕೊಳ್ಳಿ ಅತ್ತೇ” ಎನ್ನುತ್ತಾ ಆಮೆಯ ವೇಗದಲ್ಲಿ. ಕಲ್ಲೊಡೆಯುವವರೆಲ್ಲ ಸುತ್ತಿಗೆ ಕೆಳಗಿಟ್ಟು ನೋಡಿದರು. ಅವರಿಗೂ ಒಂದು ಮನರಂಜನೆ ಬೇಡವೇ?

ಸಂಜೆ ನಮ್ಮವರು ಸಂಧಾನಕ್ಕೆ ಇಳಿದರು. ನಮ್ಮವರ ಸಂಧಾನವೆಂದರೆ ಆರುವ ಬೆಂಕಿಗೆ ಬೀಸಣಿಗೆ. “ನೀನು ಸುಮ್ನಿರು, ಅಮ್ಮನ್ನ ಹೇಗೆ ಸಮಾಧಾನ ಮಾಡ್ಬೇಕು ನನಗ್ಗೊತ್ತು” ಎಂದು ಅತ್ತೆಯವರ ಎದುರು ಕುರ್ಚಿ ಎಳೆದುಕೊಂಡು ಕೂತರು.

“ಅಮ್ಮಾ, ಅದು ನಿನ್ನ ಭಾರಕ್ಕೆ ಬಗ್ಗಿದ್ದಲ್ಲಮ್ಮ. ಮಾವ ಆ ಎಡಗಡೆ ಸೀಟಲ್ಲೇ ಎಮ್ಮೆಕರುಗಳನ್ನ ಕೂರಿಸ್ಕೊಂಡು ಹೋಗ್ತಿದ್ರಂತೆ. ಆಗ್ಲೇ ಬಗ್ಗಿದೆ ಅದು.”

ಅತ್ತೆಯವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ತರಗತಿಯಲ್ಲಿ ಕೊನೆಯ ಬೆಂಚಿನವರೂ ಉಸಿರು ಬಿಗಿಹಿಡಿಯುತ್ತಿದ್ದರಂತೆ.

“ಹಾಗಾದ್ರೆ ಇಷ್ಟು ವರ್ಷ ನನ್ನನ್ನ ಎಮ್ಮೆ ಕೂರೋ ಜಾಗದಲ್ಲಿ ಕೂರಿಸ್ಕೊಂಡು ಓಡಾಡ್ಸಿದ್ದಾಳೆ?”

“ಎಮ್ಮೆ ಅಲ್ಲಮ್ಮ, ಕರು!”

“ಕರು ಅಂತೆ, ಕರು! ನೀನೇ ಒಂದು ಕರು!”

ಅಲ್ಲಿಗೆ ಸಂಧಾನ ಮುಗಿಯಿತು. ಮರುವಾರ ಅತ್ತೆಯವರು ಬಸ್ಸಿನಲ್ಲಿ ಹೋದರು. ಹೋದದ್ದು ನನಗೆ ಕಾಣಲಿಲ್ಲ. ಸಂಜೆ ಬಂದದ್ದು ಅಂಗಡಿಯ ಕಿಟಕಿಯಿಂದ ಕಂಡಿತು. ಬಸ್ಸಿನ ಕಂಬಿ ಹಿಡಿದು ಒಂದು ಕಾಲು ಕೆಳಗಿಟ್ಟು, ಇನ್ನೊಂದು ಮಂಡಿ ಮಡಿಸಲಾಗದೆ ಅವರು ಹಾಗೆಯೇ ನಿಂತುಬಿಟ್ಟಿದ್ದರು. ಕಂಡಕ್ಟರು ಸೀಟಿ ಊದುತ್ತಿದ್ದ. ನನ್ನ ಹೊಲಿಗೆ ಮೆಷಿನ್ನು ತಾನಾಗಿ ನಿಂತಿತು. ಓಡಿ ಹೋಗಿ ಕೈ ಹಿಡಿಯಬೇಕೆನಿಸಿತು. ಆದರೆ ಹಿಡಿದ ಕೈಯನ್ನು ಕೊಡವಿದರೆ? ನಾನು ಏಳುವಷ್ಟರಲ್ಲಿ ಅವರೇ ಇಳಿದು, ಸೆರಗು ಸರಿಮಾಡಿಕೊಂಡು, ಏನೂ ಆಗಲಿಲ್ಲವೆಂಬಂತೆ ನಡೆದು ಬಂದರು. ಆ ದಿನ ಹೊಲಿದ ತೋಳು ತಿರುಗುಮುರುಗಾಗಿ, ಗಿರಾಕಿ ಬೈದು ಹೋದಳು.

ಕ್ಷಮೆ ಕೇಳಲು ನನಗೆ ಬಾರದು. ಬಾಯಿ ತೆರೆದರೆ ಕ್ಷಮೆಯ ಬದಲು ಇನ್ನೊಂದು ಭಾರ ಬೀಳುವ ಸಂಭವವೇ ಹೆಚ್ಚು. ಬಿಚ್ಚಿ ಹೊಲಿಯುವುದು ಬರುತ್ತದೆ. ಸ್ಪ್ರಿಂಗನ್ನು ಸರಿಮಾಡಿಸುವುದೇ ನನ್ನ ಕ್ಷಮಾಪಣೆ ಎಂದು ತೀರ್ಮಾನಿಸಿದೆ.

ಲಾರಿಗಳು ಸಾಲುಗಟ್ಟುವ ಬೀದಿಯ ಕೊನೆಯಲ್ಲಿ ಒಬ್ಬ ಸ್ಪ್ರಿಂಗ್ ಕಮ್ಮಾರ. ಜನ ಅವನನ್ನು ಸ್ಪ್ರಿಂಗ್ ಚಕ್ರವರ್ತಿ ಎನ್ನುತ್ತಾರೆ; ಆ ಬಿರುದನ್ನು ಕೊಟ್ಟವನೂ ಅವನೇ ಎಂದು ಕೇಳಿದ್ದೇನೆ. ಅವನ ಮೀಸೆಯೂ ಪಟ್ಟಿ ಸ್ಪ್ರಿಂಗಿನ ಆಕಾರದಲ್ಲೇ ಇತ್ತು, ಒಳ್ಳೆಯ ಬಾಗು. ಕಾರಿನ ಸುತ್ತ ಒಂದು ಸುತ್ತು ಬಂದು, ಹಿಂಬದಿಗೆ ಒಂದು ಏಟು ಹಾಕಿ, “ಸೊಂಟ ಹೋಗಿದೆ” ಎಂದ.

“ಸರಿಯಾಗುತ್ತಾ?”

“ಅಮ್ಮಾ, ನಾನು ಸ್ಪ್ರಿಂಗ್ ಕಟ್ಟಿದ ಲಾರಿ ಒಂದು ಕಣಿವೆಗೆ ಬಿತ್ತು. ಲಾರಿ ಚೂರುಚೂರು. ಸ್ಪ್ರಿಂಗ್ ಮಾತ್ರ ಹಾಗೇ ನಿಂತಿತ್ತು!”

(ಡ್ರೈವರ್ ಏನಾದ ಎಂದು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಬುದ್ಧಿ ಯಾವಾಗಲೂ ಮನೆಗೆ ಬಂದ ಮೇಲೆ ಚುರುಕಾಗುತ್ತದೆ.)

ಹಿಂದಿನ ಎರಡು ಕಡೆಯನ್ನೂ ಒಟ್ಟಿಗೇ ಬಿಚ್ಚಿದ. ಕಾರನ್ನು ಜಾಕಿನ ಮೇಲೆ ಏರಿಸಿ, ತುಕ್ಕು ಹಿಡಿದ ಬೋಲ್ಟುಗಳಿಗೆ ಎಣ್ಣೆ ಕುಡಿಸಿ, ಬೈದು, ಬಡಿದು ಕಟ್ಟು ಬಿಚ್ಚಿದಾಗ ಪಟ್ಟಿಗಳು ಒಂದೊಂದಾಗಿ ಕಳಚಿಕೊಂಡವು. ನಡುವೆ ಕರಿಜಿಡ್ಡು, ಅದರೊಳಗೆ ಕಲ್ಲಿನಂತೆ ಹೆಪ್ಪುಗಟ್ಟಿದ ಮಣ್ಣು. ಒಂದು ಪದರ ಕೆಂಪು, ಒಂದು ಪದರ ಬೂದು, ಒಂದು ಕಡೆ ಒಣಹುಲ್ಲಿನ ಎಸಳೂ ಅಂಟಿಕೊಂಡಿತ್ತು. ಅಪ್ಪ ಓಡಾಡಿದ ದಾರಿಗಳೆಲ್ಲ ಅಲ್ಲಿ ಮಡಿಸಿಟ್ಟಂತಿದ್ದವು. ಕೆಂಪುಮಣ್ಣು ಟಗರು ಬಂದ ದಾರಿಯದೇ ಇರಬೇಕು ಎಂದುಕೊಂಡೆ. ಚಕ್ರವರ್ತಿ ತಂತಿಬ್ರಷ್ಷು ಎತ್ತಿದ.

“ಸ್ವಲ್ಪ ತಡಿಯಪ್ಪ” ಎಂದೆ.

“ಯಾಕಮ್ಮ?”

“ಏನಿಲ್ಲ. ನೋಡ್ತಿದ್ದೆ.”

“ಬರೀ ಜಿಡ್ಡಮ್ಮ ಅದು.”

“ಹೌದು, ಜಿಡ್ಡೇ” ಎಂದು ನಾನು ಪಕ್ಕಕ್ಕೆ ತಿರುಗಿದೆ. ಕುಲುಮೆಯ ಹೊಗೆ ಕಣ್ಣಿಗೆ ಹೋಗಿತ್ತು. (ಹೊಗೆ ಆ ಕಡೆಗೆ ಹೋಗುತ್ತಿತ್ತು. ಇರಲಿ ಬಿಡಿ.)

ಪಟ್ಟಿಗಳನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಾಗು ಬರಿಸಿ, ಎಣ್ಣೆಯ ತೊಟ್ಟಿಯಲ್ಲಿ ‘ಛೊಂಯ್’ ಎಂದು ಅದ್ದಿ, ಮತ್ತೆ ಹದವಾಗಿ ಕಾಯಿಸಿ ಇಟ್ಟ. ಮತ್ತೆ ಜೋಡಿಸುವಾಗ ಕೇಳಿದ, “ಎಷ್ಟು ಗಟ್ಟಿ ಬೇಕಮ್ಮ?”

ಇಲ್ಲಿ ಒಬ್ಬ ಹೊಲಿಗೆಯವಳಾಗಿ ನಾನು ಯೋಚಿಸಬೇಕಿತ್ತು. ಯಾವ ಉಡುಪಿಗಾದರೂ ಮೈಯಾಡಲು ಒಂದು ಬೆರಳು ಸಡಿಲ ಬಿಟ್ಟು ಹೊಲಿಯಬೇಕೆಂದು ದಿನಕ್ಕೆ ಹತ್ತು ಸಲ ಹೇಳುವವಳು ನಾನೇ. ಆದರೆ ಆ ಕ್ಷಣ ನನ್ನ ಕಿವಿಯಲ್ಲಿ “ಭಾರ?” ಎಂಬ ಒಂದೇ ಪದ ಮೊಳಗುತ್ತಿತ್ತು. “ಇನ್ನೊಂದು ಜನ್ಮಕ್ಕೂ ಬಗ್ಗಬಾರದು, ಹಾಗೆ ಮಾಡು” ಎಂದುಬಿಟ್ಟೆ.

ಅವನ ಮೀಸೆ ಅರಳಿತು. ಒಳಗೆ ಹೋಗಿ ಲಾರಿಯ ಪಟ್ಟಿಗಳನ್ನು ತಂದು ಎರಡೂ ಕಡೆಗೆ ಸೇರಿಸಿದ.

ಜಾಕು ಇಳಿಸಿದಾಗ ಕಾರು ಇಳಿಯಲಿಲ್ಲ. ಅಂದರೆ ಮುಂಭಾಗ ಇಳಿಯಿತು, ಹಿಂಭಾಗ ಇದ್ದಲ್ಲೇ ನಿಂತಿತು. ಎಡಕ್ಕೆ ವಾಲುವುದು ಹೋಯಿತು, ನಿಜ. ಈಗ ಅದು ಜಾಡು ಹಿಡಿದ ಪೊಲೀಸ್ ನಾಯಿಯಂತೆ ಮೂಗನ್ನು ನೆಲಕ್ಕೆ ಊರಿ, ಹಿಂಬದಿ ಎತ್ತಿ ನಿಂತಿತ್ತು.

“ಗತ್ತು ನೋಡಿ!” ಎಂದ ಚಕ್ರವರ್ತಿ.

ಪರೀಕ್ಷೆಗೆ ನಮ್ಮವರನ್ನು ಅತ್ತೆಯವರ ಎಡಮೂಲೆಯಲ್ಲೇ ಕೂರಿಸಿಕೊಂಡು ಹೊರಟೆ. ನಮ್ಮವರದು ಗಾಳಿಪಟದ ಮೈಕಟ್ಟು. ಬೀದಿಯ ತಿರುವಿನ ಉಬ್ಬಿನ ಮೇಲೆ ಕಾರು ಹತ್ತಿತು ಅಷ್ಟೆ, ಕನ್ನಡಿಯಲ್ಲಿ ನೋಡುತ್ತೇನೆ, ನಮ್ಮವರಿಲ್ಲ! ಮರುಕ್ಷಣ ಛಾವಣಿಯಿಂದ ಅವತರಿಸಿದರು. ಕನ್ನಡಕ ಗದ್ದದಲ್ಲಿತ್ತು.

“ನಿಲ್ಸು! ನಾಲ್ಗೆ! ನನ್ನ ನಾಲ್ಗೆ!”

“ಏನಾಯ್ತು ನಾಲಿಗೆಗೆ?”

“ಕಚ್ಕೊಂಡೆ! ಇದು ಸ್ಪ್ರಿಂಗಾ? ಬಂಡೆ! ನಿಮ್ಮಪ್ಪನ ಟಗರು ಹಿಂದಿನಿಂದ ಗುದ್ದಿದ ಹಾಗಾಯ್ತು!”

ವಾಪಸ್ಸು ಚಕ್ರವರ್ತಿಯ ಬಳಿ ಹೋದೆವು. ನಮ್ಮವರು ಊದಿದ ನಾಲಿಗೆಯಲ್ಲಿ ಅಹವಾಲು ಹೇಳಿದರು, ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನಾನು ಅನುವಾದಿಸಿ, ಒಂದು ಪಟ್ಟಿಯನ್ನಾದರೂ ತೆಗೆ ಎಂದೆ.

“ಹಾಕಿದ ಪಟ್ಟಿ ತೆಗೆದ್ರೆ ನನ್ನ ಹೆಸರೇನಾಗುತ್ತೆ? ತಪ್ಪು ಸ್ಪ್ರಿಂಗಿಂದಲ್ಲಮ್ಮ, ಲೋಡಿಂದು. ಖಾಲಿ ಓಡಿಸಿದ್ರೆ ಎಸೆಯುತ್ತೆ. ಹಿಂದೆ ಒಂದು ಒಳ್ಳೇ ಭಾರ ಕೂರ್ಸಿ ನೋಡಿ, ತೊಟ್ಟಿಲು, ತೊಟ್ಟಿಲು!”

ನಾನು ನಮ್ಮವರ ಮುಖ ನೋಡಿದೆ. ನಮ್ಮವರು ಆಕಾಶ ನೋಡಿದರು.

ಮೊದಲು ಮರಳಿನ ಚೀಲಗಳನ್ನು ಕೂರಿಸಿ ನೋಡಿದೆವು. ಸವಾರಿ ಬೆಣ್ಣೆಯಂತಾಯಿತು, ಮೊದಲ ತಿರುವಿನ ತನಕ. ಅಲ್ಲಿ ಚೀಲಗಳು ಒಂದರ ಮೇಲೊಂದು ಬಿದ್ದು ಬಾಯಿ ಬಿಚ್ಚಿ, ಹಿಂದಿನ ಸೀಟು ಸಮುದ್ರತೀರವಾಯಿತು. ಗುಡಿಸುತ್ತಾ ಗುಡಿಸುತ್ತಾ ನಮ್ಮವರು ಹೇಳಿದರು, “ಮರಳಿಗೆ ನೆಟ್ಟಗೆ ಕೂರೋಕೆ ಬರಲ್ಲ ಕಣೇ. ನೆಟ್ಟಗೆ ಕೂರೋಕೆ ಬರೋ ಭಾರ ಅಂತ ನಮ್ಮನೇಲಿ ಇರೋದು ಒಂದೇ.”

“ನೀವೇ ಕೇಳಿ.”

“ನನಗೆ ನಾಲಿಗೆ ಸರಿಯಿಲ್ಲ” ಎಂದರು, ಬಹಳ ಸ್ಪಷ್ಟವಾಗಿ.

ಅತ್ತೆಯವರು ಜಗಲಿಯಲ್ಲಿ ಕೂತು ಪತ್ರಿಕೆಯ ಅಂಕಿಬಂಧ ತುಂಬುತ್ತಿದ್ದರು. ನಾನು ಹೋಗಿ ಕಂಬಕ್ಕೆ ಆತು ನಿಂತೆ.

“ಅತ್ತೆ, ಸ್ಪ್ರಿಂಗ್ ಸರಿಮಾಡಿಸಿದೆ.”

“ನೋಡ್ದೆ. ಕಾರು ನಮಸ್ಕಾರ ಹಾಕ್ತಾ ನಿಂತಿದೆ.”

“ನೀವು ಬರ್ಬೇಕು ಅದರಲ್ಲಿ.”

“ಯಾಕೆ?”

ಸುಳ್ಳು ಹೇಳಬಹುದಿತ್ತು. ಆದರೆ ಅವರ ಮುಂದೆ ಸುಳ್ಳು ಲೆಕ್ಕ ನಿಲ್ಲುವುದಿಲ್ಲ. ಕಣ್ಣುಮುಚ್ಚಿ ಹೇಳಿದೆ, “ಹಿಂದೆ ಭಾರ ಬೇಕಂತೆ.”

ಪೆನ್ಸಿಲು ನಿಂತಿತು. ಮುಗಿಯಿತು ಕಥೆ, ಇನ್ನು ನಾನು ತವರಿನ ಬಸ್ಸು ಹುಡುಕಬೇಕು ಎಂದುಕೊಂಡೆ. ಅಷ್ಟರಲ್ಲಿ ಕುರ್ಚಿ ಕಿರುಗುಟ್ಟಿತು. ಕಣ್ಣು ತೆರೆದರೆ ಅತ್ತೆಯವರು ನಗುತ್ತಿದ್ದರು. ಸದ್ದಿಲ್ಲದೆ, ಹೆಗಲು ಹೊಟ್ಟೆ ಎಲ್ಲ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

“ಅಲ್ವೇ, ಭಾರ ಜಾಸ್ತಿ ಅಂತ ಇಳಿಸಿದೋಳು ನೀನು. ಈಗ ಭಾರ ಸಾಲ್ದು ಅಂತ ಹತ್ತಿಸೋಕೆ ಬಂದಿದ್ದೀಯಾ?”

“ನಾನು ಇಳಿಸ್ಲಿಲ್ಲ ಅತ್ತೆ, ನೀವೇ...” ಎಂದವಳು ಈ ಸಲ ಸಮಯಕ್ಕೆ ಸರಿಯಾಗಿ ಬಾಯಿ ಮುಚ್ಚಿಕೊಂಡೆ.

“ಬರ್ತೀನಿ. ಆದ್ರೆ ಹಿಂದೆ ಕೂರಲ್ಲ.”

“ಮುಂದೇನೇ ಕೂತ್ಕೊಳ್ಳಿ, ಅದಕ್ಕೇನಂತೆ?”

“ಮುಂದೆ ಅಂದ್ರೆ ನಿನ್ನ ಪಕ್ಕ ಅಲ್ಲ. ನಿನ್ನ ಜಾಗದಲ್ಲಿ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅತ್ತೆಯವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. “ನಿಮ್ಮ ಮಾವನ ಸೈಕಲ್ ಕ್ಯಾರಿಯರ್ ಮೇಲೆ ಅರ್ಧ ಆಯುಸ್ಸು ಕೂತೆ. ನಿನ್ನ ಕಾರಲ್ಲಿ ಹಿಂದೆ ಇಷ್ಟು ವರ್ಷ ಕೂತೆ. ಬರೀ ಇನ್ನೊಬ್ಬರ ಬೆನ್ನು ನೋಡಿದ್ದೇ ಆಯ್ತು. ರಸ್ತೆ ಎದುರಿಂದ ಹೇಗೆ ಬರುತ್ತೆ ಅಂತ ನಾನೂ ನೋಡ್ಬೇಕು. ಕಲಿಸ್ತೀಯೋ, ಇಲ್ಲ ಬಸ್ಸಿಗೆ ಹೋಗ್ಲೋ?”

ಅಪ್ಪನ ಕಾರಿನ ಸ್ಟಿಯರಿಂಗನ್ನು ನಾನು ಯಾರ ಕೈಗೂ ಕೊಟ್ಟವಳಲ್ಲ. ಕೊಡುವುದಿಲ್ಲವೆಂದು ಹೇಳಲು ಬಾಯಿ ತೆರೆದೆ. ಬಸ್ಸಿನ ಕಂಬಿ ಹಿಡಿದು ನಿಂತ ಆ ಮಂಡಿ ಕಣ್ಣಮುಂದೆ ಬಂತು. “ಕಲಿಸ್ತೀನಿ” ಎಂದೆ.

ಕಲಿಯುವವರ ಲೈಸೆನ್ಸಿನ ಪರೀಕ್ಷೆಯಲ್ಲಿ ಅತ್ತೆಯವರಿಗೆ ಪೂರ್ತಿ ಅಂಕ. ಪ್ರಶ್ನೆಯೊಂದರ ವಾಕ್ಯರಚನೆ ತಪ್ಪಿದೆಯೆಂದು ಅಧಿಕಾರಿಗೆ ಪಾಠವೂ ಆಯಿತು. ಪಾಳುಬಿದ್ದ ಇಟ್ಟಿಗೆ ಗೂಡಿನ ಬಯಲಿಗೆ ಕಾರು ತಂದು ಅವರನ್ನು ಚಾಲಕಪೀಠದಲ್ಲಿ ಪ್ರತಿಷ್ಠಾಪಿಸಿದೆ. ನಮ್ಮವರು ಹಿಂದೆ ಎರಡು ದಿಂಬುಗಳನ್ನು ತಲೆಗೆ ಕಟ್ಟಿಕೊಂಡು ಕೂತರು.

ಕಾರು ಒಂದು ಹೆಜ್ಜೆ ಎಗರಿ ನಿಂತಿತು. ಮತ್ತೆ ಎಗರಿ ನಿಂತಿತು. ಅತ್ತೆಯವರ ತುಟಿ ಬಿಗಿಯಿತು. ಜೀವನದಲ್ಲಿ ಮೊದಲ ಸಲ ಅವರು ಫೇಲಾಗುತ್ತಿದ್ದರು. ನಾನು ಗದರಬೇಕೆಂದಿದ್ದೆ, ಆದರೆ ನನ್ನ ಬಾಯಿಂದ ಬಂದ ದನಿ ನನ್ನದಾಗಿರಲಿಲ್ಲ: “ನಿಧಾನ. ಕ್ಲಚ್ಚು ಅಂದ್ರೆ ತೊಡೆಮೇಲೆ ಮಲಗಿರೋ ಕರು ಇದ್ದ ಹಾಗೆ. ಅದಕ್ಕೆ ಎಚ್ಚರ ಆಗ್ಬಾರ್ದು, ಹಾಗೆ ಮೆಲ್ಲಗೆ ಬಿಡ್ಬೇಕು.” ನನಗೆ ಕಲಿಸುವಾಗ ಅಪ್ಪ ಹೇಳಿದ ಮಾತು, ಅಪ್ಪನದೇ ಧಾಟಿ. ಅದು ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

“ಮತ್ತೆ ಕರು!” ಎಂದರು ಅತ್ತೆ. ಆದರೆ ಕಾಲನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಎತ್ತಿದರು. ಕಾರಿಗೆ ಎಚ್ಚರವಾಗಲೇ ಇಲ್ಲ. ನಿದ್ದೆಯಲ್ಲಿ ನಡೆದಂತೆ ಬಯಲಿನಲ್ಲಿ ಹೊರಟಿತು. ಅತ್ತೆಯವರು ನೆಟ್ಟ ನೋಟದಲ್ಲಿ, ಎರಡೂ ಕೈ ಬಿಗಿಹಿಡಿದು, ಗಾಳಿಗೆ ನರೆಗೂದಲು ಹಾರಿಸುತ್ತಾ ಓಡಿಸುತ್ತಿದ್ದರು. “ಅಯ್ಯೋ, ರಸ್ತೆ ಬರ್ತಿದೆ ಕಣೇ! ನಮ್ಮ ಕಡೆಗೇ ಬರ್ತಿದೆ!” ಎಂದು ಚಿಕ್ಕ ಹುಡುಗಿಯಂತೆ ಕೂಗಿದರು. ಅಲ್ಲಿ ರಸ್ತೆಯೇನೂ ಇರಲಿಲ್ಲ. ನಾನು ತಿದ್ದಲಿಲ್ಲ.

ಈಗ ಅತ್ತೆಯವರ ಬಳಿ ಪಕ್ಕಾ ಲೈಸೆನ್ಸ್ ಇದೆ. ವಾರಕ್ಕೊಮ್ಮೆ ಅವರೇ ಕಾರು ತೆಗೆದು ಅಕ್ಕನ ಮನೆಗೆ ಹೋಗಿ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲ್ಲುಗಣಿಯ ಸುತ್ತ ಗಾಳಿ ಸವಾರಿ ಮಾಡಿಸುತ್ತಾರೆ. ಮುಂದೆ ಅಕ್ಕತಂಗಿಯರು. ಹಿಂದೆ ಭಾರ ಬೇಕಲ್ಲ? ನಮ್ಮವರು ದಿಂಬು ಬಿಚ್ಚಿಟ್ಟು ರಾಜೀನಾಮೆ ಕೊಟ್ಟಿದ್ದಾರೆ. ಆದ್ದರಿಂದ ಅಂಗಡಿಗೆ ಬೀಗ ಹಾಕಿ ಎಡಮೂಲೆಯಲ್ಲಿ ಕೂರುವವಳು ನಾನು. ಅಪ್ಪನ ಕಾರಿನಲ್ಲಿ ಹಿಂದಿನ ಸೀಟಿನಿಂದ ಲೋಕ ಹೇಗೆ ಕಾಣುತ್ತದೆಂದು ನೋಡುವ ಭಾಗ್ಯ ಟಗರಿನ ಮತ್ತು ಅತ್ತೆಯವರ ನಂತರ ನನಗೆ ದೊರೆತಿದೆ. ಪ್ರತಿ ಹಳ್ಳಕ್ಕೂ ಒಂದು ಸಲ ಛಾವಣಿಯನ್ನು ಹತ್ತಿರದಿಂದ ನೋಡುತ್ತೇನೆ.

ಮೊನ್ನೆ ನಾನು ಹಾಗೆ ಮೇಲೆ ಹೋಗಿ ಕೆಳಗೆ ಬಂದಾಗ ದೊಡ್ಡತ್ತೆಯವರು ಹಿಂದಕ್ಕೆ ತಿರುಗಿ ನೋಡಿ ಮರುಗಿದರು. “ಪಾಪ, ನಿನ್ನ ಸೊಸೆ ತುಂಬ ಹಗುರ ಕಣೇ. ನಿಲ್ಲೋದೇ ಇಲ್ಲ ಸೀಟಲ್ಲಿ.”

ಅತ್ತೆಯವರು ಕನ್ನಡಿಯಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. “ಅದಕ್ಕೇ ಅಕ್ಕ, ದಿನಾ ಎರಡು ಸೌಟು ಜಾಸ್ತಿ ಬಡಿಸ್ತಿದ್ದೀನಿ. ಇನ್ನೊಂದು ಮಳೆಗಾಲ ಕಳೀಲಿ, ಸರಿಹೋಗ್ತಾಳೆ.”

ನಾನು ಇಷ್ಟು ದಿನ ಅದನ್ನು ಪ್ರೀತಿ ಎಂದುಕೊಂಡಿದ್ದೆ.